ಎಂಜಿನ್ನಿಗೆ ಎಚ್ಚರವಾಗುವ ಹೊತ್ತು

ಮೋಟಾರು ಕಾರಿನ ಗುಣಾವಗುಣಗಳನ್ನು ಅಳೆಯುವಾಗ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಎಷ್ಟು ವೇಗವಾಗಿ ಓಡುತ್ತದೆ, ಒಂದು ಲೀಟರು ಪೆಟ್ರೋಲಿಗೆ ಎಷ್ಟು ದೂರ ಕೊಡುತ್ತದೆ, ಬೆಲೆ ಎಷ್ಟು. ರಾತ್ರಿಯೆಲ್ಲ ತಣ್ಣಗೆ ನಿಂತ ಗಾಡಿ ಬೆಳಿಗ್ಗೆ ಹೊರಡಲು ಎಷ್ಟು ಹೊತ್ತು ಬೇಕು ಎಂಬ ನಾಲ್ಕನೆಯ ಪ್ರಶ್ನೆ ಇಂದು ಯಾರ ಬಾಯಲ್ಲೂ ಬರುವುದಿಲ್ಲ. ಗುಂಡಿಯನ್ನು ಒತ್ತಿದೊಡನೆ ಎಂಜಿನ್ನು ದನಿಗೊಡಬೇಕು ಎಂಬುದು ಎಲ್ಲರ ಎಣಿಕೆ. ಆದರೆ ಮೋಟಾರು ಯುಗದ ಆರಂಭದಲ್ಲಿ ಯಾವ ಬಗೆಯ ಕಾರು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ನಿರ್ಣಯಿಸುವುದರಲ್ಲಿ ಈ ನಾಲ್ಕನೆಯ ಪ್ರಶ್ನೆಯ ಪಾಲು ದೊಡ್ಡದಾಗಿತ್ತು. ಅಷ್ಟೇ ಅಲ್ಲ, ಯಾರು ಕಾರನ್ನು ನಡೆಸಬಲ್ಲರು, ಯಾರು ನಡೆಸಲಾರರು ಎಂಬುದನ್ನೂ ಬಹುಮಟ್ಟಿಗೆ ಅದೇ ತೀರ್ಮಾನಿಸಿತು.

ಅಮೆರಿಕೆಯಲ್ಲಿ 1900ನೆಯ ಇಸವಿಯಲ್ಲಿ ತಯಾರಾದ ಕಾರುಗಳು 4,192. ಅವುಗಳಲ್ಲಿ ಉಗಿಯಿಂದ ಓಡುವವು 1,681. ವಿದ್ಯುತ್ತಿನಿಂದ ಓಡುವವು 1,575. ಪೆಟ್ರೋಲಿನವು ಕೇವಲ 936. ಮುಂದೆ ಲೋಕವನ್ನೆಲ್ಲ ವ್ಯಾಪಿಸಿದ ಪೆಟ್ರೋಲು ಕಾರು ಅಂದು ಈ ಮೂವರಲ್ಲಿ ಕಡೆಯದಾಗಿತ್ತು. ಮೂರಕ್ಕೂ ಮೂರು ಬಗೆಯ ಎಚ್ಚರ.

ಉಗಿಯಂತ್ರ ಒಂದು ಸದ್ಗುಣವನ್ನು ಹುಟ್ಟಿನಿಂದಲೇ ಪಡೆದು ಬಂದಿತ್ತು. ಬಾಯ್ಲರಿನಲ್ಲಿ ಒತ್ತಡವಿದ್ದರೆ ಸಾಕು, ನಿಂತಲ್ಲಿಂದಲೇ ಅದು ಪೂರ್ಣ ಬಲದಿಂದ ಗಾಲಿಯನ್ನು ತಿರುಗಿಸುತ್ತದೆ. ಗೇರು ಬೇಡ, ಗದ್ದಲವಿಲ್ಲ. ವೇಗಕ್ಕೂ ಕೊರತೆಯಿರಲಿಲ್ಲ. ಅವಳಿ ಸೋದರರಾದ ಸ್ಟ್ಯಾನ್ಲಿಗಳು ನಿರ್ಮಿಸಿದ ಉಗಿಕಾರೊಂದನ್ನು ಫ್ರೆಡ್ ಮೇರಿಯಟ್ ಎಂಬ ಚಾಲಕ 1906ರಲ್ಲಿ ಫ್ಲಾರಿಡದ ಕಡಲತೀರದಲ್ಲಿ ಗಂಟೆಗೆ 127 ಮೈಲಿಗೂ ಮೀರಿದ ವೇಗದಿಂದ ಓಡಿಸಿದ. ಉಗಿಕಾರುಗಳ ಪೈಕಿ ಆ ದಾಖಲೆಯನ್ನು ಮುರಿಯಲು 2009ರವರೆಗೆ ಕಾಯಬೇಕಾಯಿತು.

ಇಂಥ ವೀರನ ದೌರ್ಬಲ್ಯವೆಂದರೆ ಅವನ ನಿದ್ದೆ. ತಣ್ಣಗಿರುವ ಸ್ಟ್ಯಾನ್ಲಿ ಕಾರನ್ನು ಹೊರಡಿಸಬೇಕಾದರೆ ಮೊದಲು ಒಲೆ ಹೊತ್ತಿಸಬೇಕು, ನೀರು ಕಾಯಬೇಕು, ಮುಳ್ಳು ಸಾಕಷ್ಟು ಒತ್ತಡವನ್ನು ತೋರಿಸುವವರೆಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಕಾದು ನಿಲ್ಲಬೇಕು. ಕಾರಿನ ಚಾಲಕನಿಗೆ ಬಂದ ‘ಷೋಫರ್’ ಎಂಬ ಹೆಸರಿಗೆ ಫ್ರೆಂಚ್ ಭಾಷೆಯಲ್ಲಿ ‘ಕಾಯಿಸುವವನು’ ಎಂದೇ ಅರ್ಥ. ಉಗಿಯಂತ್ರದ ಒಲೆಗೆ ಉರಿ ಹಾಕುವವನಿಗೆ ಮೊದಲು ಸಂದ ಹೆಸರದು. ಸಂಜೆಯ ವಿಹಾರಕ್ಕೆ ಹೊರಡುವವರಿಗೆ ಅರ್ಧ ಗಂಟೆಯ ಕಾಯುವಿಕೆ ಸಹ್ಯವಾಗಬಹುದು. ಆದರೆ ಮೊದಮೊದಲು ಕಾರು ಕೊಂಡವರಲ್ಲಿ ವೈದ್ಯರೂ ಇದ್ದರು. ನಡುರಾತ್ರಿಯಲ್ಲಿ ರೋಗಿಯ ಮನೆಯಿಂದ ಕರೆ ಬಂದಾಗ ನೀರು ಕುದಿಯುವವರೆಗೆ ಕುಳಿತಿರಲು ಸಾಧ್ಯವೆ? ಕುದುರೆಗೆ ಜೀನು ಬಿಗಿಯಲು ಅಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.

ಈ ಕೊರತೆಯನ್ನು ನೀಗಲು ಪ್ರಯತ್ನ ನಡೆಯಲಿಲ್ಲವೆಂದಲ್ಲ. ಅಬ್ನರ್ ಡೋಬಲ್ ಎಂಬ ಅಮೆರಿಕನ್ ಎಂಜಿನಿಯರು 1920ರ ದಶಕದಲ್ಲಿ ನಿರ್ಮಿಸಿದ ಉಗಿಕಾರು ಕೀಲಿ ತಿರುಗಿಸಿದ ಮೇಲೆ ಒಂದು ನಿಮಿಷದೊಳಗೆ ಹೊರಡುತ್ತಿತ್ತು. ದೊಡ್ಡ ಹಂಡೆಯಲ್ಲಿ ನೀರು ಕಾಯಿಸುವುದಕ್ಕೆ ಬದಲಾಗಿ, ಸುರುಳಿಗೊಳವೆಯಲ್ಲಿ ಹರಿಯುವ ಅಲ್ಪ ನೀರನ್ನು ರಭಸದ ಜ್ವಾಲೆಯಿಂದ ಕ್ಷಣದಲ್ಲಿ ಉಗಿಯಾಗಿಸುವುದು ಅದರ ಗುಟ್ಟು. ಆದರೆ ಆ ಕಾರು ಬಲು ದುಬಾರಿ. ತಯಾರಾದದ್ದು ಕೆಲವೇ ಹತ್ತು. ಅಷ್ಟರಲ್ಲಿ ಕಾಲವೂ ಮಿಂಚಿತ್ತು. ಸ್ಟ್ಯಾನ್ಲಿ ಕಾರ್ಖಾನೆ 1924ರಲ್ಲಿ ಬಾಗಿಲು ಮುಚ್ಚಿತು.

ಇನ್ನು ವಿದ್ಯುತ್ ಕಾರು. ಅದಕ್ಕೆ ನಿದ್ದೆಯೆಂಬುದೇ ಇಲ್ಲ. ವಿದ್ಯುತ್ ಮೋಟಾರು ಉಗಿಯಂತ್ರದಂತೆಯೇ ನಿಂತಲ್ಲಿಂದಲೇ ಬಲ ಕೊಡುತ್ತದೆ. ಒಲೆಯ ಹಂಗೂ ಅದಕ್ಕಿಲ್ಲ. ಸನ್ನೆಯನ್ನು ಸರಿಸಿದರೆ ಗಾಡಿ ಸದ್ದಿಲ್ಲದೆ ಚಲಿಸುತ್ತದೆ. ಆದಕಾರಣ ಇದು ಸ್ತ್ರೀಯರ ಮೆಚ್ಚಿನ ವಾಹನವಾಯಿತು. ಪೆಟ್ರೋಲು ಕಾರಿನಿಂದ ಜಗದ್ವಿಖ್ಯಾತನಾದ ಹೆನ್ರಿ ಫೋರ್ಡನ ಪತ್ನಿ ಕ್ಲಾರಾ ತನ್ನ ಓಡಾಟಕ್ಕೆ ಇಟ್ಟುಕೊಂಡಿದ್ದುದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರು! ಪತಿಯ ಕಾರ್ಖಾನೆಯ ಗಾಡಿಯನ್ನು ಬಿಟ್ಟು ಆಕೆ ಬೇರೊಂದನ್ನು ಏರಿದುದೇಕೆಂಬುದು ಆ ಕಾಲದ ಪೆಟ್ರೋಲು ಕಾರಿನ ಮೂತಿಗೆ ಸಿಕ್ಕಿಸುತ್ತಿದ್ದ ಹ್ಯಾಂಡಲನ್ನು ಕಂಡವರಿಗೆ ಹೊಳೆಯದಿರದು.

ಪೆಟ್ರೋಲು ಎಂಜಿನ್ನಿನ ವಿಚಿತ್ರ ಸ್ವಭಾವ ಇಲ್ಲಿದೆ: ತಿರುಗುತ್ತಿದ್ದರೆ ಮಾತ್ರ ಅದು ತಿರುಗಬಲ್ಲದು. ಅದು ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಗೆಳೆದು, ಅದುಮಿ, ಕಿಡಿ ತಾಗಿಸಿ ಉರಿಸಿದ ಮೇಲಷ್ಟೆ ಶಕ್ತಿ ಹುಟ್ಟುತ್ತದೆ. ಎಳೆಯುವ ಮತ್ತು ಅದುಮುವ ಮೊದಲ ಕೆಲಸವನ್ನು ಹೊರಗಿನವರೊಬ್ಬರು ಮಾಡಿಕೊಡಬೇಕು. ಆ ಹೊರಗಿನವರು ಹ್ಯಾಂಡಲು ಹಿಡಿದ ಮನುಷ್ಯರೇ ಆಗಿದ್ದರು. ಪಿಸ್ಟನ್ನು ಮೇಲಕ್ಕೆ ಮುಟ್ಟುವ ಮೊದಲೇ ಕಿಡಿ ಹಾರಿತೆಂದರೆ ಎಂಜಿನ್ನು ಹಿಂದಕ್ಕೆ ಒದೆಯುತ್ತಿತ್ತು. ಹ್ಯಾಂಡಲಿನ ಏಟಿಗೆ ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳಬೇಕು, ಹ್ಯಾಂಡಲನ್ನು ಸುತ್ತಿ ಹಿಡಿಯಬಾರದು ಎಂಬುದು ಚಾಲಕರು ಕಲಿಯುತ್ತಿದ್ದ ಮೊದಲ ಪಾಠ. ಕಾರು ತಯಾರಕನಾಗಿದ್ದ ಬೈರನ್ ಕಾರ್ಟರ್, ರಸ್ತೆಯಲ್ಲಿ ಕೆಟ್ಟು ನಿಂತ ಕಾರಿನ ಮಹಿಳೆಯೊಬ್ಬಳಿಗೆ ನೆರವಾಗಲು ಹೋಗಿ ಹ್ಯಾಂಡಲಿನ ಏಟು ತಿಂದು, ಆ ಗಾಯದಿಂದ ಚೇತರಿಸಿಕೊಳ್ಳದೆ 1908ರಲ್ಲಿ ಮಡಿದನೆಂಬ ಕಥೆ ಮೋಟಾರು ಪ್ರಪಂಚದಲ್ಲಿ ಪ್ರಸಿದ್ಧವಾಗಿದೆ. ಕ್ಯಾಡಿಲಾಕ್ ಸಂಸ್ಥೆಯ ಒಡೆಯ ಹೆನ್ರಿ ಲೆಲಂಡ್ ಈ ಸಾವಿನಿಂದ ಮರುಗಿ ಹ್ಯಾಂಡಲಿಗೆ ಪರ್ಯಾಯವನ್ನು ಹುಡುಕಿಸಿದನೆಂದು ಅದೇ ಕಥೆ ಹೇಳುತ್ತದೆ.

ಪರ್ಯಾಯವನ್ನು ಕಂಡುಹಿಡಿದವನು ಓಹೈಯೊ ಪ್ರಾಂತದ ಡೇಟನ್ನಿನ ಚಾರ್ಲ್ಸ್ ಕೆಟರಿಂಗ್. ಅಂಗಡಿಗಳಲ್ಲಿ ಹಣ ಎಣಿಸಿಡುವ ಕ್ಯಾಷ್ ರಿಜಿಸ್ಟರಿಗೆ ಅವನು ಮೊದಲೇ ಪುಟ್ಟ ವಿದ್ಯುತ್ ಮೋಟಾರೊಂದನ್ನು ಅಳವಡಿಸಿದ್ದ. ಎಂಜಿನ್ನನ್ನು ತಿರುಗಿಸಲು ಕಾರಿನಲ್ಲಿ ಹಿಡಿಸಲಾರದಷ್ಟು ದೊಡ್ಡ ಮೋಟಾರು ಬೇಕೆಂದು ತಜ್ಞರು ವಾದಿಸುತ್ತಿದ್ದರು. ಕೆಟರಿಂಗನ ತರ್ಕ ಬೇರೆ: ದಿನವಿಡೀ ದುಡಿಯಬೇಕಾದ ಮೋಟಾರು ದೊಡ್ಡದಿರಬೇಕು, ನಿಜ; ಆದರೆ ಕೆಲವೇ ಸೆಕೆಂಡು ದುಡಿದು ವಿಶ್ರಮಿಸುವ ಮೋಟಾರು ತನ್ನ ಅಳತೆಗೆ ಮೀರಿದ ಭಾರವನ್ನೂ ಎತ್ತಬಲ್ಲದು. ಕ್ಯಾಷ್ ರಿಜಿಸ್ಟರಿನ ಈ ಪಾಠವೇ 1912ರ ಕ್ಯಾಡಿಲಾಕ್ ಕಾರಿನಲ್ಲಿ ‘ಸೆಲ್ಫ್ ಸ್ಟಾರ್ಟರ್’ ಆಗಿ ಪ್ರಕಟವಾಯಿತು. ಎಂಜಿನ್ನು ಎದ್ದ ಮೇಲೆ ಅದೇ ಮೋಟಾರು ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ತನ್ನು ತುಂಬಿಕೊಡುತ್ತಿತ್ತು. ಫೋರ್ಡನ ‘ಮಾಡೆಲ್ ಟಿ’ ಕಾರಿಗೂ 1919ರಲ್ಲಿ ಸೆಲ್ಫ್ ಬಂದಿತು.

ಇದರ ಪರಿಣಾಮ ವಿಲಕ್ಷಣವಾದುದು. ಪೆಟ್ರೋಲಿನ ಕಾರು ಉಗಿಕಾರಿಗಿಂತ ಬೇಗ ಹೊರಡತೊಡಗಿತು. ವಿದ್ಯುತ್ ಕಾರಿಗಿಂತ ಬಹುದೂರ ಓಡಬಲ್ಲದಾಗಿತ್ತು. ತೋಳ್ಬಲ ಸಾಲದವರೂ ಮುದುಕರೂ ಇತರರ ನೆರವಿಲ್ಲದೆ ಅದನ್ನು ಹೊರಡಿಸಬಹುದಾಯಿತು. ಅಗ್ಗದ ಬೆಲೆಯೂ ಜೊತೆಗೂಡಿ ಎದುರಾಳಿಗಳಿಬ್ಬರೂ ಕಣದಿಂದ ಹಿಂದೆ ಸರಿದರು. ವಿದ್ಯುತ್ ಕಾರನ್ನು ಸೋಲಿಸಲು ನೆರವಾದದ್ದು ಒಂದು ವಿದ್ಯುತ್ ಮೋಟಾರೇ ಎಂಬುದು ವಿಧಿಯ ವಿನೋದ!

ಆದರೂ ಕಾಯುವ ಕಷ್ಟ ಅಲ್ಲಿಗೆ ತೀರಲಿಲ್ಲ. ಇಂಧನ ಬದಲಾದಾಗಲೆಲ್ಲ ಅದು ಮರಳಿ ಬಂದಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿನ ಅಭಾವದಿಂದ ಕನ್ನಡ ನಾಡಿನ ರಸ್ತೆಗಳಲ್ಲೂ ಇದ್ದಿಲ ಗ್ಯಾಸಿನ ಬಸ್ಸುಗಳು ಓಡಿದವು. ಬಸ್ಸಿನ ಬೆನ್ನಿಗೆ ಕಟ್ಟಿದ ಉರುಳೆಯಲ್ಲಿ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಕ್ಲೀನರು ಗಾಳಿಚಕ್ರವನ್ನು ತಿರುಗಿಸುತ್ತ ನಿಂತರೆ, ಉರಿಯಬಲ್ಲ ಅನಿಲ ಹೊರಡಲು ಹಲವು ನಿಮಿಷಗಳೇ ಬೇಕಾಗುತ್ತಿದ್ದವು. ಪ್ರಯಾಣಿಕರು ಅಲ್ಲಿಯವರೆಗೆ ಕಾದಿರಬೇಕು. ಆ ಅನಿಲದ ಮುಖ್ಯ ಭಾಗವಾದ ಕಾರ್ಬನ್ ಮಾನಾಕ್ಸೈಡು ಬಣ್ಣವೂ ವಾಸನೆಯೂ ಇಲ್ಲದ ಘೋರ ವಿಷ. ಪೆಟ್ರೋಲು ಎಂಜಿನ್ನಿನ ಹೊಗೆಯಲ್ಲೂ ಅದಿರುವುದರಿಂದ ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಕಾರನ್ನು ಚಾಲೂ ಇಡುವುದು ಎಂದೆಂದಿಗೂ ಪ್ರಾಣಾಪಾಯಕರ.

ಡೀಸೆಲ್ ಎಂಜಿನ್ನಿನ ತೊಡಕು ಇನ್ನೊಂದು ಬಗೆಯದು. ಅದರಲ್ಲಿ ಕಿಡಿಯಿಲ್ಲ. ಗಾಳಿಯನ್ನು ಅದರ ಗಾತ್ರದ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಕಾವೇ ಎಣ್ಣೆಯನ್ನು ಉರಿಸಬೇಕು. ಸಿಲಿಂಡರಿನ ಗೋಡೆ ತಣ್ಣಗಿದ್ದರೆ ಆ ಕಾವನ್ನು ಅದು ಹೀರಿಬಿಡುತ್ತದೆ. ಅದಕ್ಕಾಗಿ ಒಳಗೊಂದು ‘ಹೀಟರ್ ಪ್ಲಗ್’; ಅದು ಕೆಂಪಗೆ ಕಾಯುವವರೆಗೆ ಚಾಲಕ ಸುಮ್ಮನಿರಬೇಕು. ಮರ್ಸಿಡಿಸ್ ಬೆಂಜ್ ಸಂಸ್ಥೆ 1936ರಲ್ಲಿ ಡೀಸೆಲ್ ಕಾರನ್ನು ಹೊರತಂದ ಮೇಲೆ ಹಲವು ದಶಕಗಳ ಕಾಲ ಚಳಿದೇಶದ ಬೆಳಗುಗಳಲ್ಲಿ ಇದಕ್ಕೆ ಒಂದು ನಿಮಿಷದವರೆಗೂ ಹಿಡಿಯುತ್ತಿತ್ತು. ವಿನೋದಪ್ರಿಯರಾದ ಜರ್ಮನರು ಈ ಮೌನಕ್ಕೆ ‘ರುಡಾಲ್ಫ್ ಡೀಸೆಲ್ ಸ್ಮರಣೆಯ ನಿಮಿಷ’ ಎಂದು ಹೆಸರಿಟ್ಟರು! ಹೊಸ ಬಗೆಯ ಹೀಟರುಗಳು ಬಂದ ಮೇಲೆ ಆ ನಿಮಿಷ ಕೆಲವು ಸೆಕೆಂಡುಗಳಿಗೆ ಇಳಿಯಿತು. ಬೆಚ್ಚಗಿನ ಹವೆಯ ನಮ್ಮ ಸೀಮೆಯಲ್ಲಂತೂ ದೀಪ ಹತ್ತಿ ಆರುವುದನ್ನು ಗಮನಿಸುವುದೇ ಕಷ್ಟ.

ವಿಮಾನದ ಜೆಟ್ ಎಂಜಿನ್ನಿನ ಬಂಧುವಾದ ಟರ್ಬೈನನ್ನು ಕಾರಿಗೆ ಜೋಡಿಸುವ ಸಾಹಸವೂ ನಡೆಯಿತು. ಕ್ರೈಸ್ಲರ್ ಸಂಸ್ಥೆ 1963ರಿಂದ ಇಂಥ 50 ಕಾರುಗಳನ್ನು ಸರದಿಯ ಮೇಲೆ 203 ಜನರಿಗೆ ಬಳಸಿ ನೋಡಲು ಕೊಟ್ಟಿತು. ಕೊರೆಯುವ ಚಳಿಯಲ್ಲೂ ಅದು ಹಟ ಮಾಡದೆ ಏಳುತ್ತಿತ್ತು. ಆದರೆ ಸುಮ್ಮನೆ ನಿಂತಾಗಲೇ ಅದರ ಚಕ್ರ ನಿಮಿಷಕ್ಕೆ ಇಪ್ಪತ್ತು ಸಾವಿರದಷ್ಟು ಸುತ್ತು ತಿರುಗಬೇಕು. ಕೀಲಿ ತಿರುಗಿಸಿದ ಮೇಲೆ ಆ ವೇಗಕ್ಕೆ ಏರುವವರೆಗೆ ತಾಳಬೇಕು. ಪೆಡಲನ್ನು ಒತ್ತಿದ ಮೇಲೂ ಒಂದು ಸೆಕೆಂಡಿಗೂ ಮೀರಿದ ವಿಳಂಬ. ಪ್ರಯೋಗ ಮುಗಿದ ಮೇಲೆ ಬಹುತೇಕ ಕಾರುಗಳನ್ನು ಸಂಸ್ಥೆಯೇ ನಾಶಮಾಡಿತು.

ಮನೆಮನೆಯ ಪೆಟ್ರೋಲು ಕಾರು ಮಾತ್ರ ದಿನೇ ದಿನೇ ಚುರುಕಾಯಿತು. ಅಂಬಾಸಿಡರ್, ಫಿಯೆಟ್ ಕಾರುಗಳ ಕಾಲದಲ್ಲಿ ಚಳಿಗಾಲದ ಮುಂಜಾನೆ ಚೋಕ್ ಎಳೆಯುವುದು ಒಂದು ಕಲೆ. ಕಡಿಮೆ ಎಳೆದರೆ ಎಂಜಿನ್ನು ಏಳದು. ಹೆಚ್ಚಾದರೆ ಪೆಟ್ರೋಲು ಉಕ್ಕಿ ಪ್ಲಗ್ಗು ನೆನೆದು, ಕೊನೆಗೆ ನೆರೆಯವರನ್ನು ಕರೆದು ಗಾಡಿಯನ್ನು ತಳ್ಳಿಸಬೇಕು. ಇಂದು ಗಾಳಿಯ ಉಷ್ಣತೆಯನ್ನೂ ಎಂಜಿನ್ನಿನ ಉಷ್ಣತೆಯನ್ನೂ ಅಳೆದು, ಎಷ್ಟು ಪೆಟ್ರೋಲು ಸಿಂಪಡಿಸಬೇಕೆಂಬುದನ್ನು ಪುಟ್ಟ ಗಣಕವೇ ನಿಶ್ಚಯಿಸುತ್ತದೆ. ಸುಮಾರು ಒಂದು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಸಿಗ್ನಲಿನಲ್ಲಿ ತಾನೇ ನಿಂತು ತಾನೇ ಏಳುವ ಎಂಜಿನ್ನುಗಳೂ ಬಂದಿವೆ. ಮಾಜ್ದಾ ಸಂಸ್ಥೆ 2009ರಲ್ಲಿ ಹೊರತಂದ ವ್ಯವಸ್ಥೆ ಪಿಸ್ಟನ್ನನ್ನು ತಕ್ಕ ಜಾಗದಲ್ಲಿಯೇ ನಿಲ್ಲಿಸಿ, 0.35 ಸೆಕೆಂಡಿನಲ್ಲಿ ಎಂಜಿನ್ನನ್ನು ಮತ್ತೆ ಎಬ್ಬಿಸುತ್ತದೆ.

ಈ ಸ್ಪರ್ಧೆಯಲ್ಲಿ ಎಂದೂ ನಿದ್ರಿಸದ ವಿದ್ಯುತ್ ಕಾರು ಈಗ ಮತ್ತೆ ಕಣಕ್ಕಿಳಿದಿದೆ. ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದು ಭಾರತದಲ್ಲಿ ಆ ಹಾದಿಯನ್ನು ತೋರಿಸಿತು. ವಿದ್ಯುತ್ ಕಾರಿನಲ್ಲಿ ಹೊರಡಿಸಬೇಕಾದ ಎಂಜಿನ್ನೇ ಇಲ್ಲ. ಹಾಗೆಂದು ಅದರ ಒಡೆಯರು ಪೂರ್ಣ ನಿಶ್ಚಿಂತರೂ ಅಲ್ಲ: ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಕೂಡಿಸುವ ಸ್ವಿಚ್ಚುಗಳನ್ನು ನಡೆಸಲು ಸಾಮಾನ್ಯವಾಗಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಬೇರೆಯೇ ಇರುತ್ತದೆ. ಅದು ಸೋತರೆ ದೊಡ್ಡದರಲ್ಲಿ ಎಷ್ಟು ಶಕ್ತಿಯಿದ್ದರೂ ಗಾಡಿ ಕದಲದು.

ಪೆಟ್ರೋಲು, ಡೀಸೆಲ್ ಕಾರುಗಳುಳ್ಳ ಮನೆಯವರು ನೆನಪಿಡಬೇಕಾದ ಮಾತುಗಳು ಕೆಲವಿವೆ. ಸ್ಟಾರ್ಟರ್ ಮೋಟಾರು ಕೆಲವೇ ಸೆಕೆಂಡುಗಳ ದುಡಿಮೆಗಾಗಿ ಹುಟ್ಟಿದ್ದು. ಎಂಜಿನ್ನು ಏಳದಿದ್ದರೆ ಕೀಲಿಯನ್ನು ಬಿಡದೆ ತಿರುಗಿಸಿ ಹಿಡಿಯಬಾರದು; ಅರ್ಧ ನಿಮಿಷವಾದರೂ ಬಿಡುವು ಕೊಟ್ಟು ಮತ್ತೆ ಯತ್ನಿಸಬೇಕು. ಎದ್ದೊಡನೆ ಆಕ್ಸಿಲರೇಟರನ್ನು ಒತ್ತಿ ಅಬ್ಬರಿಸುವುದೂ ಸಲ್ಲದು. ರಾತ್ರಿಯಲ್ಲಿ ತಳಕ್ಕಿಳಿದ ಎಣ್ಣೆ ಮೇಲಿನ ಭಾಗಗಳನ್ನು ತಲುಪಲು ಕೆಲವು ಸೆಕೆಂಡುಗಳು ಬೇಕು. ಅನಂತರ ಮೊದಲ ಒಂದೆರಡು ಮೈಲಿ ಸಾವಕಾಶವಾಗಿ ನಡೆಸಿದರೆ ಸಾಕು. ಎಂಜಿನ್ನು ಏಳುವ ಹೊತ್ತು ಅರ್ಧ ಗಂಟೆಯಿಂದ ಅರೆಕ್ಷಣಕ್ಕೆ ಇಳಿದಿದ್ದರೂ ಅದು ಬೆಚ್ಚಗಾಗುವ ಹೊತ್ತು ಅಷ್ಟಾಗಿ ಇಳಿದಿಲ್ಲ.