ಮಗು ಮೊದಲು ಒಳಗೆ ಬರಲಿ, ಟಿಸಿ ಆಮೇಲೆ

ಸರ್ಕಾರಿ ಶಾಲೆಗೆ ಮಕ್ಕಳಿಲ್ಲ, ಮುಚ್ಚುತ್ತಾರಂತೆ ಎಂಬ ಗೋಳು ಮಲೆನಾಡಿನ ಊರೂರಲ್ಲೂ ಕೇಳುತ್ತಿದೆ. ಅದೇ ಊರಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಶಾಲೆ ವಯಸ್ಸಿನ ಮಕ್ಕಳು ತಮ್ಮ ತಂಗಿಯರನ್ನು ಎತ್ತಿಕೊಂಡು ಹಗಲು ಕಳೆಯುತ್ತಿದ್ದಾರೆ. ಅವರು ಲೆಕ್ಕಕ್ಕಿಲ್ಲ. ಯಾಕೆಂದರೆ ಅವರು ‘ಅಸ್ಸಾಮಿನವರು’.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಿಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ನಿಂದ ಸಂಸಾರ ಸಮೇತ ಬರುತ್ತಾರೆ. ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಆದಿವಾಸಿ ಕ್ರೈಸ್ತರೂ ಇದ್ದಾರೆ. ನಾವು ಎಲ್ಲರಿಗೂ ಇಟ್ಟಿರುವುದು ಒಂದೇ ಹೆಸರು. ಹಣ್ಣು ಕುಯ್ಯಲು ಅವರ ಕೈ ಬೇಕು, ಅವರ ಮಕ್ಕಳು ನಮ್ಮ ಮಕ್ಕಳ ಪಕ್ಕ ಕೂರುವುದು ಬೇಡ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟಿಸಿ ತನ್ನಿ, ಆಧಾರ್ ತನ್ನಿ ಎನ್ನುತ್ತಾರೆ, ಅಷ್ಟೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಏನು ಹೇಳುತ್ತದೆ ಗೊತ್ತೇ? ಟಿಸಿ ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ. ಕುಯ್ಲಿಗೆಂದು ಡಿಸೆಂಬರ್‌ನಲ್ಲಿ ಬಂದರೂ ಸೇರಿಸಿಕೊಳ್ಳಬೇಕು. ಹತ್ತು ವರ್ಷದ ಹುಡುಗಿಯನ್ನು ಒಂದನೇ ತರಗತಿಯಲ್ಲಿ ಕೂರಿಸುವುದೂ ತಪ್ಪು. ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ ಅವಳ ಹಕ್ಕು. ಶಾಲೆ ಸೇರಲು ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿಯಾಗಿದೆ.

‘ಅವಕ್ಕೆ ಕನ್ನಡ ಬರಲ್ಲ ಸಾರ್’ ಎನ್ನುತ್ತಾರೆ. ಬರಲ್ಲ, ಅದಕ್ಕೇ ಶಾಲೆ! ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 2017ರಲ್ಲಿ ‘ರೋಶ್ನಿ’ ಎಂಬ ಯೋಜನೆ ಶುರು ಮಾಡಿದರು. ಬಂಗಾಳಿ, ಹಿಂದಿ, ಒಡಿಯಾ ಬಲ್ಲ ಸ್ವಯಂಸೇವಕರು ಶಾಲೆಗೇ ಬಂದು ವಲಸೆ ಮಕ್ಕಳಿಗೆ ಮಲಯಾಳಂ ಹತ್ತಿಸಿದರು. ಇಲ್ಲೇ ವರ್ಷಗಟ್ಟಲೆ ಇದ್ದು ಕನ್ನಡ ಕಲಿತ ಅಕ್ಕಂದಿರು ನಮ್ಮ ಲೈನ್ ಮನೆಗಳಲ್ಲೂ ಸಿಗುತ್ತಾರೆ. ಗೌರವಧನ ಕೊಟ್ಟು ಅವರನ್ನು ತರಗತಿಗೆ ಕರೆಯಿರಿ. ನವೆಂಬರ್ ಬಂದರೆ ಕನ್ನಡ ಬಾವುಟ ಕಟ್ಟುವ ನಮಗೆ, ಕನ್ನಡ ಕಲಿಯಲು ಬಂದ ಮಗು ಹೊರೆಯಾಗಿದ್ದು ಹೇಗೆ?

ಧರ್ಮ ಬೇರೆ, ಊಟ ಬೇರೆ ಎನ್ನುವವರು ಬಿಸಿಯೂಟದ ಅಡುಗೆಯವರನ್ನು ಕೇಳಿ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಯಾವ ಭಾಷಣವೂ ಇಲ್ಲದೆ ನಡೆಯುತ್ತಿದೆ.

ಯಾದಗಿರಿ, ರಾಯಚೂರಿನ ನಮ್ಮವರೇ ಮುಂಬೈ, ಪುಣೆಗೆ ಗುಳೆ ಹೋಗುತ್ತಾರೆ. ಅಲ್ಲಿ ನಮ್ಮ ಮಗುವನ್ನು ಗೇಟಿನಲ್ಲೇ ನಿಲ್ಲಿಸಿದರೆ ಸುಮ್ಮನಿರುತ್ತೇವಾ?

ಎಸ್‌ಡಿಎಂಸಿಯವರೇ, ದಾಖಲಾತಿ ಜಾಥಾ ಪೇಟೆ ಬೀದಿಯಲ್ಲೇ ಸುತ್ತುವುದು ಸಾಕು, ಒಮ್ಮೆ ತೋಟದೊಳಗೂ ಹೋಗಲಿ. ತೋಟದ ಮಾಲೀಕರೇ, ಬೆಳಿಗ್ಗೆ ಆಳುಗಳನ್ನು ತುಂಬಿಕೊಂಡು ಬರಲು ಜೀಪು ಕಳಿಸುತ್ತೀರಲ್ಲ, ಅದೇ ಜೀಪು ಮಕ್ಕಳನ್ನೂ ಶಾಲೆ ಬಾಗಿಲಿಗೆ ಬಿಟ್ಟು ಬರಲಿ.