ಯಜಮಾನರು ಬಂದಿದ್ದಾರೆಯೇ?

ಕಳೆದ ಮಂಗಳವಾರ ನಮ್ಮ ಅತ್ತಿಗೆಯವರನ್ನು ಆಸ್ಪತ್ರೆಯೊಂದರ ಸ್ತ್ರೀರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ, ಇಳಿಹೊತ್ತಿನಲ್ಲಿ ತೊಣ್ಣೂರಿಗೆ ಹಿಂದಿರುಗಿದ ನಾನು ಆ ರಾತ್ರಿಯೇ ಈ ಅಂಕಣವನ್ನು ಬರೆಯಲು ಕುಳಿತಿದ್ದರೆ, ಅಚ್ಚಿಗೆ ಅರ್ಹವಲ್ಲದ ನಾಲ್ಕಾರು ಶಬ್ದಗಳು ಇದರೊಳಗೆ ನುಸುಳಿಬಿಡುತ್ತಿದ್ದುವು. ಮೂರು ದಿನ ತಡೆದು ಬರೆಯುತ್ತಿದ್ದೇನೆ, ಕೋಪವೇನೋ ಇಳಿದಿಲ್ಲ. ಆಸ್ಪತ್ರೆ ಯಾವುದು, ಯಾವ ಊರಿನದು, ಸರ್ಕಾರದ್ದೋ ಖಾಸಗಿಯವರದೋ ಎಂಬುದನ್ನು ಹೇಳೆನು. ಒಂದರ ಹೆಸರನ್ನು ಹೇಳಿದರೆ ಉಳಿದವು ತಾವು ಪಾರಾದೆವೆಂದು ನಿಟ್ಟುಸಿರು ಬಿಟ್ಟಾವು.

ಅತ್ತಿಗೆಯವರಿಗೆ ಐವತ್ತಾರು ವಯಸ್ಸು. ಮುಟ್ಟು ನಿಂತು ನಾಲ್ಕು ವರ್ಷಗಳಾದ ಮೇಲೆ, ಎರಡು ತಿಂಗಳಿಂದೀಚೆಗೆ ಮತ್ತೆ ರಕ್ತ ಕಾಣಿಸಿಕೊಳ್ಳತೊಡಗಿತ್ತು. ಅದನ್ನು ಅವರು ನೆರೆಮನೆಯ ಅಜ್ಜಿಯೊಬ್ಬರಿಗೆ ಮಾತ್ರ ಹೇಳಿ, ಉಷ್ಣವೆಂಬ ತೀರ್ಪನ್ನೂ ನೆನೆಸಿದ ಮೆಂತ್ಯವೆಂಬ ಔಷಧವನ್ನೂ ಪಡೆದುಕೊಂಡು ಸುಮ್ಮನಿದ್ದರು. ನನಗೆ ತಿಳಿದದ್ದು ಬಟ್ಟೆ ಒಗೆಯುವ ಕಲ್ಲಿನ ಬಳಿ, ಸೀರೆಯ ಕಲೆಯಿಂದ. ಕೇಳಿದರೆ, “ಏನೂ ಇಲ್ಲ ಕಣವ್ವ, ವಸಿ ಕೆಂಪಾಯ್ತದೆ ಅಷ್ಟೆಯ. ಕಬ್ಬು ಕಡಿಯೋದು ಮುಗೀಲಿ, ಆಮೇಕೆ ಹೋದ್ರಾಯ್ತು” ಎಂದರು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ವೈದ್ಯರಿಗೆ ತೋರಿಸತಕ್ಕದ್ದು. ಬಹುಮಂದಿಯಲ್ಲಿ ಅದು ನಿರಪಾಯಕರವಾದದ್ದೇ ಆದರೂ ಕೆಲವರಲ್ಲಿ ಅದೇ ಗರ್ಭಕೋಶದ ಕ್ಯಾನ್ಸರಿನ ಪ್ರಥಮ ಸೂಚನೆಯಾಗಿರುತ್ತದೆ. ಕಬ್ಬು ಕಾದೀತು, ಇದು ಕಾಯದು ಎಂದು ಜಗಳವಾಡಿ ಹೊರಡಿಸಿದೆ.

ಚೀಟಿ ಬರೆಯುವ ಕಿಟಕಿಯ ಮುಂದೆ ಇಪ್ಪತ್ತೈದು ಮೂವತ್ತು ಜನ. “ಏನ್ ತೊಂದ್ರೆ?” ಎಂದು ಒಳಗಿನ ಹುಡುಗಿ ಕೇಳಿದಳು. ಅತ್ತಿಗೆ ಕಿಟಕಿಯ ಸರಳುಗಳ ನಡುವೆ ಮುಖವಿಟ್ಟು ಏನನ್ನೋ ಪಿಸುಗುಟ್ಟಿದರು. “ಬ್ಲೀಡಿಂಗಾ? ಜೋರಾಗಿ ಹೇಳಿ, ಕೇಳ್ಸಲ್ಲ” ಎಂಬ ಪ್ರತ್ಯುತ್ತರ ಬಂದುದು ಎಷ್ಟು ಉಚ್ಚಸ್ವರದಲ್ಲಿ ಎಂದರೆ, ಕಾಲಿಗೆ ಪಟ್ಟಿ ಕಟ್ಟಿಕೊಂಡು ಬೆಂಚಿನ ಮೇಲೆ ಕುಳಿತಿದ್ದ ನಮ್ಮ ಪಕ್ಕದೂರಿನ ಗಂಡಸೊಬ್ಬರು ತಿರುಗಿ ನೋಡಿ, ಗುರುತು ಸಿಕ್ಕಿ, ಪಾಪ, ತಾವೇ ನಾಚಿ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. ಆ ಗೋಡೆಯ ಮೇಲೆ, ಇಲ್ಲಿ ಭ್ರೂಣದ ಲಿಂಗವನ್ನು ತಿಳಿಸಲಾಗುವುದಿಲ್ಲ ಎಂಬ, ಕಾನೂನಿನ ಪ್ರಕಾರ ಇರಲೇಬೇಕಾದ ಫಲಕವಿದ್ದಿತು. ಆ ಕಟ್ಟಡದಲ್ಲೆಲ್ಲ ಒಂದು ಸಂಗತಿಯನ್ನು ಗುಟ್ಟಾಗಿಡುವೆನೆಂದು ಮಾತು ಕೊಟ್ಟದ್ದು ಆ ಫಲಕವೊಂದೇ.

ಇನ್ನು ಪರೀಕ್ಷೆಯ ಕೊಠಡಿ. ಪರದೆಯ ವಿಷಯವಾಗಿ ನಾನು ಬರೆಯುತ್ತಿರುವುದು ಇದೇ ಮೊದಲಲ್ಲವೆಂಬುದು ಈ ಅಂಕಣದ ಓದುಗರಿಗೆ ಗೊತ್ತು. “ಅಮ್ಮಾ, ಪರದೆ ಇನ್ನು ಸಾಕು” ಎಂದು ಸಂಪಾದಕರು ಒಮ್ಮೆ ಹೇಳಿಯೂ ಆಗಿದೆ. ಸಾಕಾಗುವಷ್ಟು ಪರದೆ ಎಲ್ಲಿಯೂ ಇಲ್ಲದಿರುವುದರಿಂದಲೇ ಮತ್ತೆ ಬರೆಯಬೇಕಾಗಿದೆ. ಅಲ್ಲಿದ್ದ ಹಸಿರು ಪರದೆಯ ಕೊಂಡಿಗಳಲ್ಲಿ ಅರ್ಧ ಕಳಚಿಹೋಗಿ, ಜೋಲುಬಿದ್ದ ಅದರ ಅಂಚುಗಳೆರಡನ್ನೂ ನರ್ಸಮ್ಮನವರು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಕೂಡಿಸಿದ್ದರು. ಅತ್ತಿಗೆ ಮೇಜಿನ ಮೇಲೆ ಮಲಗಿದ್ದ ಐದು ನಿಮಿಷಗಳೊಳಗೆ ಬಾಗಿಲು ಮೂರು ಸಲ ತೆರೆಯಿತು: ಟೀ ತಂದ ಹುಡುಗ, ಔಷಧ ಕಂಪೆನಿಯ ಚೀಲ ಹಿಡಿದ ಯುವಕ, ಐನೂರು ರೂಪಾಯಿಗೆ ಚಿಲ್ಲರೆ ಕೇಳಲು ಬಂದ ಒಬ್ಬಾತ. ಮೂರನೆಯವನಿಗೆ ನಾನು ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ವೈದ್ಯೆಯ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕ ವಯಸ್ಸಿನಾಕೆ, ಬಳಲಿದ್ದಳು. ಮುಂದೆ ಚೀಟಿಗಳ ರಾಶಿಯಿದ್ದಿತು. ಆದರೆ ಎರಡು ನಿಮಿಷದ ಪರೀಕ್ಷೆಯ ಅನಂತರ ಆಕೆ ಕೈಗವಸು ಕಳಚುತ್ತ ಹೇಳಿದ್ದು ಇಷ್ಟು: “ಗರ್ಭಚೀಲ ತೆಗೆಸಿಬಿಡೋಣ. ಯಜಮಾನ್ರು ಬಂದಿದ್ದಾರಾ? ಸೈನ್ ಬೇಕು.”

ನಮ್ಮಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು. ಅತ್ತಿಗೆ ಸೀರೆ ಸರಿಪಡಿಸಿಕೊಳ್ಳುತ್ತ, “ಕರ್ಸೋ ಹಂಗಿದ್ರೆ ನೀವೇ ಕರ್ಸಿ ತಾಯಿ, ನಂಗೂ ನೋಡಂಗಾಗದೆ” ಎಂದರು.

ಗರ್ಭಕೋಶವೆಂಬ ಶಬ್ದವಿರಲಾಗಿ ಅದನ್ನು ಚೀಲವೆಂದು ಕರೆಯುವ ವಾಡಿಕೆ ನಮ್ಮ ಸೀಮೆಯಲ್ಲಿ ಎಂದು ಬಂದಿತೋ ತಿಳಿಯದು. ಚೀಲವೆಂದ ಮೇಲೆ, ಗೊಬ್ಬರ ಖಾಲಿಯಾದೊಡನೆ ಮಡಿಸಿ ಎಸೆಯುವಂತೆ, ಹೆರಿಗೆಗಳು ಮುಗಿದೊಡನೆ ಅದನ್ನು ತೆಗೆಸಿಬಿಡುವುದು ಸಹಜವೆಂದೇ ತೋರತೊಡಗುತ್ತದೆ. ಬಿಳಿಮುಟ್ಟಿಗೂ ಅದೇ ಉಪಾಯ, ಸೊಂಟನೋವಿಗೂ ಅದೇ. ಹತ್ತು ವರ್ಷಗಳ ಹಿಂದೆ ಕಲಬುರಗಿಯ ತಾಂಡಗಳ ಲಂಬಾಣಿ ಹೆಂಗಸರು, ನಲವತ್ತು ಕೂಡ ತುಂಬದವರು, ಅನಗತ್ಯವಾಗಿ ಗರ್ಭಕೋಶ ತೆಗೆದುಬಿಟ್ಟರೆಂದು ಬೀದಿಗೆ ಬಂದುದನ್ನು ನಾವು ಪತ್ರಿಕೆಯಲ್ಲಿ ಓದಿ, ಅದು ಬೇರೆ ಜಿಲ್ಲೆಯ ಮಾತೆಂದು ಪುಟ ಮಗುಚಿದೆವು. ಅತ್ತಿಗೆಗೆ ಬೇಕಾಗಿದ್ದುದು ಮೊದಲು ಒಂದು ಸ್ಕ್ಯಾನ್, ಅನಂತರ ಗರ್ಭಕೋಶದ ಒಳಪೊರೆಯಿಂದ ತೆಗೆದ ಚೂರನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು; ಶಸ್ತ್ರಚಿಕಿತ್ಸೆ ಬೇಕೋ ಬೇಡವೋ, ಬೇಕಾದರೆ ಎಷ್ಟು ದೊಡ್ಡದು ಎಂಬುದು ಅದರ ವರದಿ ಬಂದ ಮೇಲಿನ ಮಾತು. ಅಷ್ಟನ್ನು ನಾನು ಹೇಳಿದಾಗ ಆಕೆ ಸಿಡುಕಲಿಲ್ಲ, ಒಪ್ಪಿದಳು ಎಂಬುದನ್ನೂ ಹೇಳಬೇಕು. ಆದರೆ ಜೊತೆಗೆ ಜಗಳಗಂಟಿ ನಾದಿನಿಯಿಲ್ಲದೆ ಬಂದ ಹೆಂಗಸಿನ ಗತಿಯೇನು?

ಯಜಮಾನರ ಸಹಿಯ ಮಾತು. ಪ್ರಾಯಕ್ಕೆ ಬಂದ, ಬುದ್ಧಿ ಸ್ವಾಧೀನದಲ್ಲಿರುವ ಹೆಂಗಸಿನ ದೇಹಕ್ಕೆ ಆಕೆಯ ಸಮ್ಮತಿಯೇ ಸಮ್ಮತಿ. ದೆಹಲಿಯಲ್ಲಿ, ಬರಿಯ ತಪಾಸಣೆಗೆಂದು ಒಪ್ಪಿ ಮಲಗಿದ್ದ ಹೆಂಗಸೊಬ್ಬರ ಗರ್ಭಕೋಶವನ್ನು, ಅವರು ಅರಿವಳಿಕೆಯಲ್ಲಿರುವಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ್ದರು. ತಾಯಿಯಾದರೂ ಸರಿಯೆ, ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಕಾನೂನು ಅನುಮತಿಸುವ ಗರ್ಭಪಾತಕ್ಕೂ ಗಂಡನ ಸಹಿ ಬೇಡ, ಸಂತಾನಹರಣ ಶಸ್ತ್ರಚಿಕಿತ್ಸೆಗೂ ಬೇಡ. ಆದರೂ ನಮೂನೆಯಲ್ಲಿ ಆ ಗೆರೆಯಿದೆ. ಗೆರೆಯಿರುವುದರಿಂದ ಕೇಳುತ್ತಾರೆ, ಕೇಳುವುದರಿಂದ ಗೆರೆ ಉಳಿದಿದೆ.

ಹೆಂಗಸರಿಗೆ ದೊರೆಯಬೇಕಾದದ್ದರ ಪಟ್ಟಿಯೇನೂ ಸಣ್ಣದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಮನೆಗೆ ಬಿಡುವ ವಾಹನ, ಇವೆಲ್ಲ 2011ರಿಂದ ಉಚಿತ. ಪ್ರತಿ ತಿಂಗಳ ಒಂಬತ್ತನೆಯ ತಾರೀಕು ಬಸುರಿಯರಿಗೆ ವೈದ್ಯರ ತಪಾಸಣೆ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು. ಪುರುಷ ವೈದ್ಯರು ಪರೀಕ್ಷಿಸುವುದಾದರೆ ಹತ್ತಿರ ಮಹಿಳಾ ಸಿಬ್ಬಂದಿ. ಮೂವತ್ತು ದಾಟಿದವರಿಗೆ ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಯೂ ಇದೆ: ಹತ್ತಿಗೆ ಹೀರಿಸಿದ ಅಸಿಟಿಕ್ ಆಮ್ಲ, ಎಂದರೆ ನಮ್ಮ ವಿನೆಗರಿನ ಸಾರವೇ, ಅದನ್ನು ಹಚ್ಚಿ ಒಂದು ನಿಮಿಷ ಕಾದು, ಬೆಳ್ಳಗಾದ ಮಚ್ಚೆಯಿದೆಯೇ ಎಂದು ನೋಡುವುದು, ಅಷ್ಟೆ. ನಮ್ಮೂರ ಹೆಂಗಸರಲ್ಲಿ ಎಷ್ಟು ಮಂದಿ ಮಾಡಿಸಿಕೊಂಡಿದ್ದೀರೆಂದು ಬುಧವಾರ ಕೊಳಾಯಿಯ ಬಳಿ ಕೇಳಿದೆ. ಹನ್ನೊಂದು ಜನರಲ್ಲಿ ಒಬ್ಬರೂ ಇಲ್ಲ. “ಆ ಬಾಗಿಲು ತೆಗೆದು ಹಾಕೋ ರೂಮ್ಗಾ?” ಎಂದಳು ಒಬ್ಬಾಕೆ. ಯೋಜನೆಗಳೆಲ್ಲ ಬಂದು ನಿಂತಿರುವುದು ಆ ಬಾಗಿಲ ಹೊರಗೆ.

ಬಾಗಿಲು ಭದ್ರವಾಗಿ ಹಾಕುವ ವಿದ್ಯೆ ನಮ್ಮ ಜಿಲ್ಲೆಗೆ ಬಾರದ್ದೇನೂ ಅಲ್ಲ. 2023ರ ಕೊನೆಯಲ್ಲಿ ಮಂಡ್ಯದ ಬಳಿಯ ಆಲೆಮನೆಯ ಸಂಗತಿ ಬಯಲಾದುದು ಜ್ಞಾಪಕವಿರಬಹುದು. ಬಿಸಿ ಬೆಲ್ಲದ ವಾಸನೆಯಿಂದಲೇ ಮಕ್ಕಳು ಗುರುತು ಹಿಡಿಯುವ ಸ್ಥಳದಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೊಟ್ಟೆಯೊಳಗಿನ ಹೆಣ್ಣನ್ನು ಹುಡುಕುತ್ತಿದ್ದರು. ಮರುವರ್ಷದ ಮೇ ತಿಂಗಳಲ್ಲಿ ನಮ್ಮ ಪಾಂಡವಪುರದಲ್ಲಿಯೇ, ಆರೋಗ್ಯ ಇಲಾಖೆಯ ವಸತಿಗೃಹದೊಳಗೇ ಗರ್ಭಪಾತ ನಡೆಸುತ್ತಿದ್ದರೆಂಬ ಆರೋಪ ಬಂದಿತು. ಅಲ್ಲೆಲ್ಲ ಐನೂರಕ್ಕೆ ಚಿಲ್ಲರೆ ಕೇಳಲು ಯಾರೂ ಬಾಗಿಲು ನೂಕಲಿಲ್ಲ, ಯಾರ ಹೆಸರನ್ನೂ ಕಿಟಕಿಯಲ್ಲಿ ಕೂಗಲಿಲ್ಲ. ಪಾತಕಕ್ಕೆ ಒದಗಿದ ಏಕಾಂತವು ರೋಗಕ್ಕೆ ಒದಗದೆಂದರೆ ಅದನ್ನು ಬಡತನವೆಂದು ಕರೆಯಲು ನಾನು ಸಿದ್ಧಳಿಲ್ಲ.

ಇದೇ ಮೈಸೂರು ಸೀಮೆಯಲ್ಲಿ, 1930ರಲ್ಲಿ, ಲೋಕದ ಬಹುಪಾಲು ಸರ್ಕಾರಗಳು ಆ ವಿಷಯವನ್ನು ಬಾಯಲ್ಲಿ ಹೇಳಲೂ ಅಂಜುತ್ತಿದ್ದ ಕಾಲದಲ್ಲಿ, ಸರ್ಕಾರವೇ ಮುಂದೆ ಬಂದು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಅದಕ್ಕಿಂತ ಬಲು ಹಿಂದಿನದು ನಮ್ಮೂರ ಐತಿಹ್ಯ: ಬಿಟ್ಟಿದೇವರಾಯನ ಮಗಳಿಗೆ ಹಿಡಿದಿದ್ದ ಗ್ರಹವನ್ನು ರಾಮಾನುಜಾಚಾರ್ಯರು ಬಿಡಿಸಿದರಂತೆ. ಚಿಕ್ಕಂದಿನಿಂದ ಆ ಕಥೆಯನ್ನು ಕೇಳಿದ್ದೇನೆ. ಏನಾಗುತ್ತಿದೆಯಮ್ಮ ಎಂದು ಆ ಹುಡುಗಿಯನ್ನೇ ಕೇಳಿದರೆಂದು ಯಾರೂ ಹೇಳಿದ್ದಿಲ್ಲ.

ಮಂಗಳವಾರ ಕೊನೆಗೆ, ಚೂರು ತೆಗೆಯುವುದಕ್ಕಾಗಿ ಒಂದು ನಮೂನೆ ಕೊಟ್ಟರು. ಕೆಳಗೆ ಎರಡು ಗೆರೆ: ಒಂದು ರೋಗಿಯ ಸಹಿ, ಇನ್ನೊಂದು ಪತಿಯ ಅಥವಾ ಪೋಷಕರ ಸಹಿ. ಏಳನೆಯ ತರಗತಿಯವರೆಗೆ ಓದಿದ ಅತ್ತಿಗೆ ಕನ್ನಡಕ ಹಾಕಿಕೊಂಡು, ದುಂಡಗಿನ ಅಕ್ಷರದಲ್ಲಿ, ಎರಡು ಗೆರೆಗಳ ಮೇಲೂ ತಮ್ಮ ಹೆಸರನ್ನೇ ಬರೆದರು. ಕಿಟಕಿಯ ಹುಡುಗಿ ಓದದೆ ಠಸ್ಸೆ ಒತ್ತಿದಳು.