ಕಾರು ಹೋಯ್ತು, ಹೆಸರು ಉಳೀತು!

ದಾವಣಗೆರೆ ಮಂಡಿಪೇಟೆಯ ಅಂಗಡಿಯವರೊಬ್ಬರು ಮೊನ್ನೆ ದಂಡದ ನೋಟಿಸು ಹಿಡಿದು ಕೂತಿದ್ದರು. ಸಿಗ್ನಲ್ ಹಾರಿಸಿದ ಕಾರು ಇವರ ಹೆಸರಿನಲ್ಲಿದೆ. ಆದರೆ ಆ ಕಾರನ್ನು ಇವರು ಮಾರಿ ಎಂಟು ತಿಂಗಳಾಯ್ತು! “ದುಡ್ಡು ಎಣಿಸಿಕೊಂಡೆ, ಕೀಲಿ ಕೊಟ್ಟೆ, ಫಾರಂಗೆ ಸಹಿ ಹಾಕಿದೆ. ಇನ್ನೇನ್ರೀ ಮಾಡಬೇಕಿತ್ತು?” ಎಂಬುದು ಅವರ ಪ್ರಶ್ನೆ.

ಆರ್.ಸಿ.ಯಲ್ಲಿ ಹೆಸರು ಬದಲಾಯಿತೇ ಎಂದು ನೋಡಬೇಕಿತ್ತು. ಅಷ್ಟೇ.

ಬಸ್ಸಿಗೆ ಕಾದು ಸಾಕಾದ ಗುಮಾಸ್ತರಿಂದ ಹಿಡಿದು ಅಂಗಡಿ ಸಾಹುಕಾರರ ತನಕ ಎಲ್ಲರಿಗೂ ಸೆಕೆಂಡ್ ಹ್ಯಾಂಡ್ ಕಾರಿನ ಆಸೆ. ತಪ್ಪೇನಿಲ್ಲ. ಆದರೆ ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಹಿಡಿದು, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ವ್ಯಾಪಾರ ಕುದುರಿಸುತ್ತಾನೆ. ಕಾರಿಗೂ ಅದೇ ಲೆಕ್ಕ.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡೀತಿದೆ ಅಂತ ಅರ್ಥ. ಮೀಟರಿನಲ್ಲಿ 30 ಸಾವಿರ ಕಿಲೋಮೀಟರ್ ಇದ್ದು ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಮೀಟರಿನ ಮೇಲೆ ಅನುಮಾನಪಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ. ಒಳತುದಿಯಲ್ಲಿ ಕೆಸರಿನ ಕಲೆ ಇದ್ದರೆ ಕಾರು ನೀರಲ್ಲಿ ಮುಳುಗಿ ಎದ್ದದ್ದಿರಬಹುದು. ಗೊತ್ತಿರುವ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ಮಾರುವವನೇ ತೋರಿಸಿದ ಮೆಕ್ಯಾನಿಕ್ ಬೇಡ.

ಇಷ್ಟು ಮಾಡುವವರು ಬಹಳ ಮಂದಿ ಇದ್ದಾರೆ. ಎಡವುವುದು ಕಾಗದದಲ್ಲಿ.

ಚಾಸಿ ನಂಬರು, ಇಂಜಿನ್ ನಂಬರು ಎರಡನ್ನೂ ಆರ್.ಸಿ. ಜೊತೆ ತಾಳೆ ನೋಡಿ. ಆರ್.ಸಿ.ಯಲ್ಲಿ ಸಾಲದ ನಮೂದಿದ್ದರೆ ಸಾಲ ಕೊಟ್ಟವರ ಎನ್.ಓ.ಸಿ., ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಬಿಚ್ಚಬೇಡಿ. ಹೊರರಾಜ್ಯದ ಗಾಡಿ ಅಗ್ಗ ಅಂತ ಹಿಗ್ಗಬೇಡಿ; ಅಲ್ಲಿನ ಆರ್.ಟಿ.ಓ. ಎನ್.ಓ.ಸಿ., ಇಲ್ಲಿನ ತೆರಿಗೆ, ಹೊಸ ನಂಬರು ಎಲ್ಲ ಸೇರಿಸಿ ಲೆಕ್ಕ ಹಾಕಿ.

ಇನ್ನು ಹೆಸರಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ರಾಜ್ಯದೊಳಗೇ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಫಾರಂ 29, ಫಾರಂ 30 ಇರುವುದೇ ಅದಕ್ಕೆ. ನಡೆಯೋದೇ ಬೇರೆ. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ದಲ್ಲಾಳಿ ಜೇಬಿಗಿಳಿಸುತ್ತಾನೆ. ಗಿರಾಕಿ ಸಿಕ್ಕಾಗ ಹೆಸರು ತುಂಬಿದರಾಯ್ತು! ಕಾರು ಮೂರು ಕೈ ದಾಟಿದರೂ ಆರ್.ಟಿ.ಓ. ದಾಖಲೆಯಲ್ಲಿ ಯಜಮಾನ ಮೊದಲಿನವನೇ.

ಇದು ಬರೀ ದಂಡದ ಮಾತಲ್ಲ ಸ್ವಾಮಿ. 2007ರಲ್ಲಿ ಒಬ್ಬರು ಕಾರು ಮಾರಿದರು. ಅದು ಕೈಯಿಂದ ಕೈಗೆ ದಾಟಿತು, ಹೆಸರು ಬದಲಾಗಲಿಲ್ಲ. 2009ರಲ್ಲಿ ಅಪಘಾತವಾಗಿ ಜೀವ ಹೋಯಿತು. ಪರಿಹಾರದ ಹೊಣೆ ಯಾರದ್ದು? ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಖಡಾಖಂಡಿತವಾಗಿ ಹೇಳಿತು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆ ಅವರದ್ದೇ. ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೆ ಬಚಾವು. ಇಲ್ಲದಿದ್ದರೆ ಅಂಗಡಿ, ಮನೆ ಯಾವುದು ಮಾರಬೇಕೋ ದೇವರೇ ಬಲ್ಲ.

ಕೊಂಡವನಿಗೂ ಪೆಟ್ಟಿದೆ. ಇನ್ಶೂರೆನ್ಸ್ ಹಳಬರ ಹೆಸರಲ್ಲೇ ಇದ್ದು, ಗಾಡಿ ಜಖಂ ಆಯ್ತು ಅಂತ ಕ್ಲೇಮಿಗೆ ಹೋದರೆ ಕಂಪನಿಯವರು ಮೊದಲು ಹೆಸರನ್ನೇ ಕೇಳುತ್ತಾರೆ. 14 ದಿನದೊಳಗೆ ಅದರ ವರ್ಗಾವಣೆಗೂ ಅರ್ಜಿ ಕೊಡಬೇಕು.

2023ರ ಏಪ್ರಿಲ್ 1ರಿಂದ ಹಳೇ ಕಾರಿನ ಡೀಲರುಗಳು ಆರ್.ಟಿ.ಓ. ಅಧಿಕಾರ ಪತ್ರ ಪಡೆಯಬೇಕೆಂಬ ಕೇಂದ್ರದ ನಿಯಮ ಬಂದಿದೆ. ಗಾಡಿ ಒಪ್ಪಿಸಿದ್ದನ್ನು ಅದರ ಪ್ರಕಾರ ಆರ್.ಟಿ.ಓ.ಗೆ ತಿಳಿಸಿದರೆ, ಮುಂದಿನ ಹೊಣೆ ಡೀಲರಿನದು. ಹಾಗಾಗಿ ಅಧಿಕಾರ ಪತ್ರ ತೋರಿಸಿ ಅಂತ ಧೈರ್ಯವಾಗಿ ಕೇಳಿ. ತಡವರಿಸಿದರೆ ಎದ್ದು ಬನ್ನಿ.

ಮಾರುವವರು ತಾರೀಕು, ಗಂಟೆ ಬರೆದು ಡೆಲಿವರಿ ಚೀಟಿಗೆ ಕೊಂಡವನ ಸಹಿ ಪಡೆಯಿರಿ. ಫಾರಂನಲ್ಲಿ ಕೊಂಡವನ ಹೆಸರು ತುಂಬಿದ ಮೇಲೇ ಸಹಿ ಹಾಕಿ. ತಿಂಗಳು ಬಿಟ್ಟು ಪರಿವಾಹನ್ ತಾಣದಲ್ಲಿ ನಿಮ್ಮ ಹೆಸರು ಹೋಗಿದೆಯೇ ನೋಡಿ. ಕೀಲಿ ಕೊಡೋದು ಅರ್ಧ ವ್ಯಾಪಾರ, ಹೆಸರು ತೆಗೆಸೋದು ಇನ್ನರ್ಧ.

ಮಂಡಿಪೇಟೆಯ ಸಾಹುಕಾರರಿಗೆ ಬಂದಿರೋದು ಬರೀ ದಂಡದ ನೋಟಿಸು. ಅಷ್ಟಕ್ಕೇ ಮುಗಿದರೆ ಪುಣ್ಯ.